ಗೆರೆ ಎಳೆಯುವ ಮೊದಲು: ಹೆದ್ದಾರಿ ಯೋಜನೆಯಲ್ಲಿ ಜೀವ, ನೆಲ ಮತ್ತು ವೇಗದ ಲೆಕ್ಕ

ಭತ್ತದ ಕಟಾವಿನ ದಿನಗಳಲ್ಲಿ ಸಿಂಧನೂರು–ಗಂಗಾವತಿ ರಸ್ತೆಯಲ್ಲಿ ಸಂಜೆ ಹೊತ್ತು ಪ್ರಯಾಣ ಮಾಡಿದವರಿಗೆ ಈ ನೋಟ ಹೊಸದಲ್ಲ. ರಸ್ತೆಯ ಒಂದು ಮಗ್ಗುಲಿಗೆ ಭತ್ತವನ್ನು ಒಣಗಲು ಹರಡಿರುತ್ತಾರೆ. ಅದರ ಮೇಲೆ ಗಾಡಿಗಳು ಹಾಯದಿರಲೆಂದು ಅಂಚಿಗುಂಟ ತಲೆಗಾತ್ರದ ಕಲ್ಲುಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಕತ್ತಲಾಗುವ ಹೊತ್ತಿಗೆ ಭತ್ತ ಚೀಲ ಸೇರುತ್ತದೆ, ಕಲ್ಲುಗಳಲ್ಲಿ ಕೆಲವು ಅಲ್ಲಿಯೇ ಉಳಿಯುತ್ತವೆ. ಹಿಂಬದಿ ದೀಪವಿಲ್ಲದ ಒಂದು ಟ್ರ್ಯಾಕ್ಟರ್, ಅದನ್ನು ಹಿಂದೆ ಹಾಕಲು ಬಲಕ್ಕೆ ಹೊರಳಿದ ಒಂದು ಬೈಕು, ಎದುರಿನಿಂದ ಬರುವ ಲಾರಿಯ ಕಣ್ಣು ಕುಕ್ಕುವ ಬೆಳಕು: ಇಷ್ಟು ಕೂಡಿದರೆ ಸಾವಿಗೆ ಬೇರೇನೂ ಬೇಕಾಗುವುದಿಲ್ಲ. ಮರುದಿನ ಅದು ‘ಚಾಲಕನ ಅಜಾಗರೂಕತೆ’ ಎಂಬ ಎರಡು ಪದಗಳಲ್ಲಿ ಮುಗಿಯುತ್ತದೆ.

ಇಂಥ ಒಂದೆರಡು ಸಾವುಗಳಾದ ಮೇಲೆ ರಸ್ತೆಯನ್ನು ನಾಲ್ಕು ಪಥಕ್ಕೆ ಅಗಲ ಮಾಡಬೇಕೆಂಬ ಬೇಡಿಕೆ ಏಳುತ್ತದೆ. ಸರ್ವೆಯವರು ಬಂದು ಸಾಲುಮರಗಳಿಗೆ ಬಣ್ಣ ಬಳಿದು ಅಂಕಿ ಬರೆದು ಹೋದಾಗ, ಮರಗಳನ್ನು ಉಳಿಸಬೇಕೆಂಬ ಇನ್ನೊಂದು ದನಿ ಏಳುತ್ತದೆ. ಆ ಬಳಿಕ ಚರ್ಚೆಯೆಲ್ಲ ‘ಮರ ಮುಖ್ಯವೋ, ಮನುಷ್ಯನ ಜೀವ ಮುಖ್ಯವೋ’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಪ್ರಶ್ನೆಯನ್ನು ಹೀಗೆ ಕೇಳುವುದೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಹೆದ್ದಾರಿಯ ಸುರಕ್ಷತೆ ಮತ್ತು ಪರಿಸರದ ಮೇಲೆ ಅದು ಬೀರುವ ಪರಿಣಾಮ ಇವೆರಡೂ ಬಹುಮಟ್ಟಿಗೆ ನಿರ್ಧಾರವಾಗುವುದು ಮರಕ್ಕೆ ಅಂಕಿ ಬೀಳುವ ಎಷ್ಟೋ ಮೊದಲು, ರಸ್ತೆ ಎಲ್ಲಿ ಹಾಯಬೇಕು ಮತ್ತು ಅದರ ಮೇಲೆ ವಾಹನ ಎಷ್ಟು ವೇಗದಲ್ಲಿ ಓಡಬೇಕು ಎಂಬ ಎರಡು ತೀರ್ಮಾನಗಳಲ್ಲಿ. ಆ ತೀರ್ಮಾನಗಳಾದ ಮೇಲೆ ಉಳಿಯುವುದು ತೂಕ ಮಾಡುವ ಕೆಲಸವಲ್ಲ, ಚೌಕಾಶಿ.

ವೇಗದಿಂದಲೇ ಆರಂಭಿಸೋಣ. ಎಂಜಿನಿಯರುಗಳು ಒಂದು ರಸ್ತೆಗೆ ‘ವಿನ್ಯಾಸ ವೇಗ’ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ರಸ್ತೆಯ ತಿರುವು, ಏರಿಳಿತ, ಕಣ್ಣಿಗೆ ಕಾಣಬೇಕಾದ ದೂರ ಎಲ್ಲವೂ ಆ ಒಂದು ಅಂಕಿಯ ಮೇಲೆ ನಿಂತಿರುತ್ತವೆ. ರಸ್ತೆಗಳ ಮಾನದಂಡ ರೂಪಿಸುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪ್ರಕಾರ ಗಂಟೆಗೆ 80 ಕಿ.ಮೀ. ವೇಗದ ರಸ್ತೆಯಲ್ಲಿ ತಿರುವಿನ ತ್ರಿಜ್ಯ ಸಾಮಾನ್ಯವಾಗಿ 230 ಮೀಟರಿಗೆ ಕಡಿಮೆ ಇರಬಾರದು; ವೇಗವನ್ನು 100 ಕಿ.ಮೀ.ಗೆ ಏರಿಸಿದರೆ ಅದು 360 ಮೀಟರ್ ಆಗಬೇಕು. ವೇಗ ಹೆಚ್ಚಿದ್ದು ಕಾಲು ಭಾಗ, ತ್ರಿಜ್ಯ ಹೆಚ್ಚಿದ್ದು ಅರ್ಧಕ್ಕಿಂತ ಹೆಚ್ಚು; ಏಕೆಂದರೆ ತಿರುವಿನಲ್ಲಿ ವಾಹನವನ್ನು ಹೊರಕ್ಕೆ ತಳ್ಳುವ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಇದರ ಅರ್ಥವನ್ನು ನೆಲದ ಮೇಲೆ ನೋಡಬೇಕು. 230 ಮೀಟರ್ ತ್ರಿಜ್ಯದ ರಸ್ತೆ ಒಂದು ಕೆರೆಯ ಏರಿಯನ್ನೋ ಹುಣಸೆಯ ತೋಪನ್ನೋ ಬಳಸಿಕೊಂಡು ಹೋಗಬಲ್ಲ ಕಡೆ 360 ಮೀಟರಿನ ರಸ್ತೆ ಅದರ ಮೇಲೆಯೇ ಹಾಯಬೇಕಾಗಿ ಬರಬಹುದು. ವೇಗವನ್ನು ಆರಿಸಿಕೊಂಡವರು ತಮಗೆ ಅರಿವಿಲ್ಲದೆಯೇ ಕೆರೆಯ ಹಣೆಬರಹವನ್ನೂ ಬರೆದುಬಿಟ್ಟಿರುತ್ತಾರೆ.

ಅದೇ ಅಂಕಿ ಜೀವದ ಲೆಕ್ಕವನ್ನೂ ಬರೆಯುತ್ತದೆ. ಅಪಾಯ ಕಂಡು ಬ್ರೇಕು ಹಾಕಿ ವಾಹನ ಪೂರ್ತಿ ನಿಲ್ಲಲು 80 ಕಿ.ಮೀ. ವೇಗದಲ್ಲಿ 120 ಮೀಟರ್, 100 ಕಿ.ಮೀ. ವೇಗದಲ್ಲಿ 180 ಮೀಟರ್ ಬೇಕೆಂದು ನಮ್ಮ ಮಾನದಂಡಗಳು ಹೇಳುತ್ತವೆ. ರಾತ್ರಿ ಡಿಮ್ ದೀಪದಲ್ಲಿ ಚಾಲಕನಿಗೆ ಸ್ಪಷ್ಟವಾಗಿ ಕಾಣುವುದು ಹೆಚ್ಚೆಂದರೆ ಐವತ್ತು ಅರವತ್ತು ಮೀಟರ್. ಮೊದಲು ಹೇಳಿದ ಕಲ್ಲು ಅವನ ಕಣ್ಣಿಗೆ ಬೀಳುವ ಹೊತ್ತಿಗೆ ಅವನು ಏನೂ ಮಾಡಲಾಗದ ದೂರದಲ್ಲಿರುತ್ತಾನೆ. ಸ್ವೀಡನ್ನಿನ ಸಂಶೋಧಕ ಯೋರಾನ್ ನಿಲ್ಸನ್ ಕೊಟ್ಟಿರುವ ಸೂತ್ರದ ಪ್ರಕಾರ, ಒಂದು ರಸ್ತೆಯ ಸರಾಸರಿ ವೇಗ ಏರಿದಾಗ ಅಲ್ಲಿಯ ಸಾವಿನ ಅಪಘಾತಗಳು ವೇಗ ಎಷ್ಟು ಪಟ್ಟಾಯಿತೋ ಅದರ ನಾಲ್ಕನೆಯ ಘಾತದಷ್ಟು ಪಟ್ಟು ಆಗುತ್ತವೆ. ಅದನ್ನು ಹಾಗೆಯೇ ಅನ್ವಯಿಸಿದರೆ, ಬೇರೆ ಏನೂ ಬದಲಾಗದೆ ವೇಗ 60ರಿಂದ 80ಕ್ಕೆ ಹೋದರೆ ಸಾವಿನ ಅಪಘಾತಗಳು ಮೂರು ಪಟ್ಟಿಗಿಂತ ಹೆಚ್ಚಾಗುತ್ತವೆ. ರಸ್ತೆ ಅಗಲವಾಗಿ, ನಡುವೆ ಡಿವೈಡರ್ ಬಂದು ಎದುರುಬದುರಿನ ಡಿಕ್ಕಿ ತಪ್ಪುತ್ತದೆ ಎಂಬುದು ನಿಜ. ಅದು ಸಣ್ಣ ಲಾಭವಲ್ಲ. ಆದರೆ ಅದೇ ಅಗಲದಿಂದ ಬರುವ ವೇಗ ಆ ಲಾಭವನ್ನು ಹಳ್ಳಿಯ ಅಡ್ಡರಸ್ತೆಯಲ್ಲಿ, ಬಸ್ ನಿಲ್ದಾಣದ ಎದುರಿನಲ್ಲಿ ಕಸಿದುಕೊಳ್ಳುತ್ತದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2023ರಲ್ಲಿ ದೇಶದಲ್ಲಿ 4,80,583 ಅಪಘಾತಗಳಾಗಿ 1,72,890 ಜನ ಸತ್ತಿದ್ದಾರೆ. ದೇಶದ ಒಟ್ಟು ರಸ್ತೆಗಳ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಪಾಲು ಶೇ 2ರ ಆಸುಪಾಸು, ಸಾವುಗಳಲ್ಲಿ ಅವುಗಳ ಪಾಲು ಮೂರನೇ ಒಂದಕ್ಕಿಂತ ಹೆಚ್ಚು. ಸತ್ತವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬೈಕು ಸವಾರರು, ಐದರಲ್ಲೊಬ್ಬರು ಕಾಲ್ನಡಿಗೆಯವರು. ಅಂದರೆ ಹೆದ್ದಾರಿಯ ವೇಗದಿಂದ ಸಮಯ ಉಳಿಸಿಕೊಳ್ಳುವವರು ಒಂದು ಗುಂಪು, ಅದರ ಬೆಲೆ ತೆರುವವರು ಇನ್ನೊಂದು ಗುಂಪು. ಯೋಜನೆಯ ಆರ್ಥಿಕ ವಿಶ್ಲೇಷಣೆಯಲ್ಲಿ ಈ ವ್ಯತ್ಯಾಸ ಕಾಣುವುದೇ ಇಲ್ಲ. ಅಲ್ಲಿ ಲಾಭದ ದೊಡ್ಡ ಪಾಲು ಬರುವುದು ಉಳಿತಾಯವಾದ ನಿಮಿಷಗಳಿಂದ ಮತ್ತು ವಾಹನ ಓಡಿಸುವ ವೆಚ್ಚದಲ್ಲಿ ಆಗುವ ಇಳಿಕೆಯಿಂದ. ತೋಳಕ್ಕೆ, ಹಳ್ಳಕ್ಕೆ, ನೆರಳಿಗೆ ಆ ಕೋಷ್ಟಕದಲ್ಲಿ ಮನೆಯೇ ಇಲ್ಲ.

ಇನ್ನು ನೆಲದ ಮಾತು. ರಾಯಚೂರು, ಕೊಪ್ಪಳ, ಬಳ್ಳಾರಿ ಈ ಮೂರು ಜಿಲ್ಲೆಗಳ ಬಹುಭಾಗ ಎರೆ ನೆಲ. ಮಳೆಗೆ ಉಬ್ಬಿ ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುವ ಈ ಮಣ್ಣಿನ ಮೇಲೆ ರಸ್ತೆ ನೇರವಾಗಿ ನಿಲ್ಲುವುದಿಲ್ಲ. ಅದನ್ನು ತೆಗೆದು ಬೇರೆ ಮಣ್ಣು ತುಂಬಬೇಕು, ಇಲ್ಲವೇ ಸುಣ್ಣ ಬೆರೆಸಿ ಗಟ್ಟಿ ಮಾಡಬೇಕು. ತುಂಗಭದ್ರಾ ಎಡದಂಡೆ ನಾಲೆಯ ಕೆಳಗೆ, 227 ಕಿ.ಮೀ. ಉದ್ದದ ಆ ಕಾಲುವೆಯ ಹರವಿನಲ್ಲಿ, ನೀರು ನಿಲ್ಲುವ ಗದ್ದೆಗಳ ನಡುವೆ ರಸ್ತೆಯನ್ನು ಎತ್ತರಿಸಲೇಬೇಕಾಗುತ್ತದೆ. ಒಂದು ಸರಳ ಲೆಕ್ಕ ಹಾಕಿ ನೋಡೋಣ. ಮೇಲ್ಭಾಗದಲ್ಲಿ 25 ಮೀಟರ್ ಅಗಲ, 3 ಮೀಟರ್ ಎತ್ತರ, ಎರಡು ಪಕ್ಕಕ್ಕೂ ಒಂದು ಮೀಟರ್ ಎತ್ತರಕ್ಕೆ ಎರಡು ಮೀಟರ್ ಇಳಿಜಾರು ಇರುವ ಏರಿಗೆ ಪ್ರತಿ ಕಿಲೋಮೀಟರಿಗೆ 93,000 ಘನ ಮೀಟರ್ ಮಣ್ಣು ಬೇಕು. ಒಂದು ಟಿಪ್ಪರಿಗೆ 15 ಘನ ಮೀಟರ್ ಎಂದು ಹಿಡಿದರೂ ಆರು ಸಾವಿರಕ್ಕೂ ಹೆಚ್ಚು ಸಲ ತುಂಬಿ ಸುರಿಯಬೇಕು, ಅದೂ ಒಂದೇ ಕಿಲೋಮೀಟರಿಗೆ. ಆ ಮಣ್ಣು ಯಾರದೋ ಹೊಲದಿಂದ, ಯಾವುದೋ ಕೆರೆಯಿಂದ, ಯಾವುದೋ ಗರಸುಮಣ್ಣಿನ ಗುಡ್ಡದಿಂದ ಬರಬೇಕು. ರಸ್ತೆಯಂಥ ಉದ್ದ ಯೋಜನೆಗಳಿಗೆ ಮಣ್ಣು ಅಗೆಯಲು ಪರಿಸರ ಅನುಮತಿ ಬೇಡವೆಂದು 2020ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಕೊಟ್ಟಿದ್ದ ವಿನಾಯಿತಿಯನ್ನು ಸುಪ್ರೀಂ ಕೋರ್ಟ್ 2024ರ ಮಾರ್ಚಿನಲ್ಲಿ ರದ್ದುಪಡಿಸಿತು.

ಸುರಕ್ಷತೆ ಮತ್ತು ಪರಿಸರ ನಿಜವಾಗಿ ಎದುರುಬದುರಾಗುವುದು ಈ ಏರಿಯ ಇಳಿಜಾರಿನಲ್ಲಿ. ಅಂಕೆ ತಪ್ಪಿದ ವಾಹನ ಕಡಿದಾದ ಇಳಿಜಾರಿನಲ್ಲಿ ಉರುಳಿ ಬೀಳುತ್ತದೆ. ಒಂದಕ್ಕೆ ನಾಲ್ಕರಷ್ಟು ಹದವಾದ ಇಳಿಜಾರಿದ್ದರೆ ಚಾಲಕ ಅದನ್ನು ಹತೋಟಿಗೆ ತಂದುಕೊಳ್ಳುವ ಅವಕಾಶವಿರುತ್ತದೆ. ಆದರೆ ಹಾಗೆ ಮಾಡಿದರೆ ಮೇಲಿನ ಲೆಕ್ಕದಲ್ಲಿ ಪ್ರತಿ ಕಿಲೋಮೀಟರಿಗೆ ಇನ್ನೂ 18,000 ಘನ ಮೀಟರ್ ಮಣ್ಣು, ಜೊತೆಗೆ 12 ಮೀಟರ್ ಅಗಲದ, ಅಂದರೆ ಸುಮಾರು ಮೂರು ಎಕರೆ ಗದ್ದೆ ಹೋಗುತ್ತದೆ. ಬೇಡವೆಂದರೆ ಅಂಚಿಗೆ ಲೋಹದ ತಡೆಪಟ್ಟಿ ಹಾಕಬೇಕು. ತಡೆಪಟ್ಟಿ ಕಾರನ್ನು ಹಿಡಿಯುತ್ತದೆ, ಕುರಿಹಿಂಡನ್ನೂ ಹಿಡಿಯುತ್ತದೆ. ಬೈಕು ಸವಾರನಿಗಂತೂ ಅದರ ಕಂಬಗಳೇ ಅಪಾಯ. ಇಲ್ಲಿ ಯಾವುದೂ ಪುಕ್ಕಟೆ ಅಲ್ಲ. ಏರಿಯ ಎತ್ತರವನ್ನೇ ಎಲ್ಲೆಲ್ಲಿ ಇಳಿಸಬಹುದು ಎಂದು ಹುಡುಕುವುದೊಂದೇ ಎರಡೂ ಕಡೆ ಉಳಿಸುವ ದಾರಿ, ಮತ್ತು ಆ ಹುಡುಕಾಟ ನಕ್ಷೆಯ ಹಂತದಲ್ಲಿ ಮಾತ್ರ ಸಾಧ್ಯ.

ಮಣ್ಣಿನ ವಿಷಯದಲ್ಲಿ ನಮ್ಮ ಭಾಗಕ್ಕೆ ಒಂದು ಅನುಕೂಲವೂ ಇದೆ. ಶಕ್ತಿನಗರದ ಮತ್ತು ಕುಡುತಿನಿಯ ಉಷ್ಣ ವಿದ್ಯುತ್ ಸ್ಥಾವರಗಳಲ್ಲಿ ಹಾರುಬೂದಿ ಗುಡ್ಡಗಟ್ಟಲೆ ಬಿದ್ದಿರುತ್ತದೆ. ಇಂಥ ಸ್ಥಾವರಗಳ 300 ಕಿ.ಮೀ. ಸುತ್ತಿನೊಳಗೆ ರಸ್ತೆ ಮತ್ತು ಕಟ್ಟಡ ಕಟ್ಟುವವರು ಬೂದಿಯನ್ನು ಬಳಸಬೇಕೆಂದು ಕೇಂದ್ರದ 2021ರ ಅಧಿಸೂಚನೆ ಹೇಳುತ್ತದೆ. ಬೂದಿ ಏರಿಯೊಳಗೆ ಹೋದಷ್ಟೂ ಹೊಲದ ಮೇಲ್ಮಣ್ಣು ಉಳಿಯುತ್ತದೆ. ಸಾಗಿಸುವಾಗ ಮೇಲೆ ತಾಡಪಾಲು ಬಿಗಿಯದಿದ್ದರೆ ಮಾತ್ರ ಹೊಲದ ಬದಲು ಊರಿನವರ ಪುಪ್ಪುಸ ಹಾಳಾಗುತ್ತದೆ ಎಂಬುದನ್ನು ಸೇರಿಸಿ ಹೇಳಬೇಕು.

ನೀರಿನ ಬಗ್ಗೆಯೂ ಇದೇ ಎಚ್ಚರ ಬೇಕು. ಉದ್ದಕ್ಕೆ ಮಲಗಿದ ಏರಿ ಒಂದು ಅಣೆಕಟ್ಟಿನಂತೆಯೇ ವರ್ತಿಸುತ್ತದೆ. ವರ್ಷದಲ್ಲಿ ಹತ್ತು ತಿಂಗಳು ಒಣಗಿ ಮಲಗುವ ಹಳ್ಳ ಒಂದು ರಾತ್ರಿಯ ಮಳೆಗೆ ಎಷ್ಟು ಅಗಲ ಹರಿಯುತ್ತದೆ ಎಂಬುದು ಆ ಊರಿನವರಿಗೆ ಗೊತ್ತು, ಬೇಸಿಗೆಯಲ್ಲಿ ಸರ್ವೆ ಮಾಡಿದವರಿಗೆ ಗೊತ್ತಿರಲಾರದು. ಅಡಿಮೋರಿ ಸಣ್ಣದಾದರೆ ಮೇಲ್ಗಡೆಯ ಗದ್ದೆಯಲ್ಲಿ ನೀರು ನಿಂತು, ಮೊದಲೇ ಸವಳು ಹಿಡಿಯುತ್ತಿರುವ ನೆಲ ಇನ್ನಷ್ಟು ಕೆಡುತ್ತದೆ. ರಸ್ತೆಯೂ ಬುಡದಲ್ಲಿ ನೆನೆದು ಕುಸಿಯುತ್ತದೆ, ಗುಂಡಿ ಬೀಳುತ್ತದೆ, ಗುಂಡಿ ತಪ್ಪಿಸಲು ಹೋದ ಬೈಕು ಬೀಳುತ್ತದೆ. ದೊಡ್ಡ ಮೋರಿ ಹೊಲಕ್ಕೂ ಸವಾರನಿಗೂ ಒಟ್ಟಿಗೆ ಒಳ್ಳೆಯದು. ಅದರ ತಳದಲ್ಲಿ ಒಂದು ಕಡೆ ಒಣ ಕಟ್ಟೆ ಬಿಟ್ಟರೆ ರಾತ್ರಿ ಅದರೊಳಗಿಂದ ನರಿ, ಮುಂಗುಸಿ, ಕಾಡುಬೆಕ್ಕು ದಾಟುತ್ತವೆ.

ಪ್ರಾಣಿಗಳ ಮಾತು ಬಂದಾಗ ನಮ್ಮವರು ಬಂಡೀಪುರ, ನಾಗರಹೊಳೆ ಎನ್ನುತ್ತಾರೆ. ಬಂಡೀಪುರದ ಮೂಲಕ ಹಾಯುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧ ಇರುವುದು, ಮಹಾರಾಷ್ಟ್ರ–ಮಧ್ಯಪ್ರದೇಶ ಗಡಿಯ ಪೆಂಚ್ ಕಾಡಿನಲ್ಲಿ 44ನೇ ಹೆದ್ದಾರಿಯನ್ನು ಕಂಬಗಳ ಮೇಲೆ ಎತ್ತಿ ಕೆಳಗೆ ಹುಲಿಗಳಿಗೆ ದಾರಿ ಬಿಟ್ಟಿರುವುದು ಒಳ್ಳೆಯ ಮಾದರಿಗಳು. ಆದರೆ ಬಯಲುಸೀಮೆಯಲ್ಲಿ ಕಾಡು ಎಂದರೆ ಮರಗಳ ಗುಂಪಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದ ಸುತ್ತ ತೋಳಗಳು, ಯಲಬುರ್ಗಾ–ಕುಕನೂರಿನ ಹೊಲಗಳಲ್ಲಿ ಕೃಷ್ಣಮೃಗಗಳು, ಸಿರುಗುಪ್ಪದ ಎರೆ ಹೊಲಗಳಲ್ಲಿ ಅಳಿವಿನಂಚಿಗೆ ಬಂದಿರುವ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿ, 1994ರಲ್ಲಿ ಘೋಷಣೆಯಾದ ದರೋಜಿ ಕರಡಿಧಾಮದ ಬಂಡೆಗುಡ್ಡಗಳಿಂದ ಮುಸ್ಸಂಜೆಗೆ ಇಳಿಯುವ ಕರಡಿಗಳು, ಕಂಪ್ಲಿಯವರೆಗಿನ ತುಂಗಭದ್ರೆಯ ಹರವಿನಲ್ಲಿ ನೀರುನಾಯಿಗಳು: ಇವುಗಳಲ್ಲಿ ಬಹುಪಾಲು ಬದುಕುವುದು ಕಂದಾಯ ದಾಖಲೆಯಲ್ಲಿ ‘ಗಾಯರಾಣ’ (ದನ ಮೇಯುವ ನೆಲ), ‘ಖರಾಬು’ (ಸಾಗುವಳಿಗೆ ಬಾರದ ನೆಲ) ಎಂದು ಬರೆದಿರುವ ಜಾಗಗಳಲ್ಲಿ. ಜಮೀನು ಸ್ವಾಧೀನದ ಖರ್ಚು ಉಳಿಸಲು ಗೆರೆ ಎಳೆಯುವವರ ಕಣ್ಣು ಮೊದಲು ಬೀಳುವುದೂ ಅದೇ ಜಾಗಗಳ ಮೇಲೆ. ಮರವೇ ಇಲ್ಲದ ಕಾರಣ ಅಲ್ಲಿ ಪರಿಸರಕ್ಕೆ ಹಾನಿಯೇ ಇಲ್ಲವೆಂದು ಕಾಗದದಲ್ಲಿ ತೋರುತ್ತದೆ. ರಾತ್ರಿ ನೂರರ ವೇಗದಲ್ಲಿ ಬರುವ ಬೈಕಿಗೆ ಅಡ್ಡಬಂದ ಕೃಷ್ಣಮೃಗ ಒಂದೇ ಸಾಯುವುದಿಲ್ಲ ಎಂಬುದನ್ನು ನೆನೆದರೆ, ಇದು ಕೂಡ ಸುರಕ್ಷತೆಯ ಪ್ರಶ್ನೆಯೇ.

ಸಾಲುಮರಗಳದು ಸ್ವಲ್ಪ ಬೇರೆ ಸಂಗತಿ. ರಸ್ತೆಗೆ ತಾಗಿ ನಿಂತ ದಪ್ಪ ಹುಣಸೆಮರಕ್ಕೆ ಡಿಕ್ಕಿ ಹೊಡೆದ ಕಾರಿನಲ್ಲಿದ್ದವರು ಬದುಕುವುದು ಅಪರೂಪ. ಎಂಜಿನಿಯರುಗಳು ಅಂಚನ್ನು ತೆರವಾಗಿಡಬೇಕೆನ್ನುವುದು ಹಟದ ಮಾತಲ್ಲ. ಆದರೆ ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಿನಲ್ಲಿ ಬಸ್ಸಿಗೆ ಕಾಯುವ ಮುದುಕಿಗೆ ಆ ಹುಣಸೆಯ ನೆರಳು ಕೂಡ ಸುರಕ್ಷತೆಯೇ. ಕಡಿದ ಒಂದಕ್ಕೆ ಬದಲಾಗಿ ಹತ್ತು ಸಸಿ ನೆಡುತ್ತೇವೆ ಎನ್ನುವವರು ಆ ಸಸಿ ಅಷ್ಟು ನೆರಳು ಕೊಡಲು ಮೂವತ್ತು ವರ್ಷ ಬೇಕೆಂಬುದನ್ನು ಹೇಳುವುದಿಲ್ಲ. ಒಂದು ಮಗ್ಗುಲಿನ ಮರಗಳನ್ನು ಹಾಗೆಯೇ ಬಿಟ್ಟು, ಹಳೆಯ ರಸ್ತೆಯನ್ನೇ ಊರಿನವರ ಸರ್ವೀಸ್ ರಸ್ತೆಯಾಗಿ ಉಳಿಸಿಕೊಂಡು, ಹೊಸ ಪಥಗಳನ್ನು ಇನ್ನೊಂದು ಮಗ್ಗುಲಿಗೆ ಮಾಡುವ ಉಪಾಯವೊಂದಿದೆ. ಟ್ರ್ಯಾಕ್ಟರು, ಬಂಡಿ, ಸೈಕಲ್ಲು ನೆರಳಿನಲ್ಲಿ ನಿಧಾನವಾಗಿ ಹೋಗುತ್ತವೆ, ವೇಗದ ವಾಹನಗಳು ಬಯಲಿನಲ್ಲಿ ಹೋಗುತ್ತವೆ, ಮರವೂ ಕಾರೂ ದೂರ ಉಳಿಯುತ್ತವೆ. ಇದಕ್ಕೆ ಜಾಗ ಹೆಚ್ಚು ಬೇಕು ಎಂಬ ಆಕ್ಷೇಪ ಸರಿಯೇ. ಎರಡೂ ಮಗ್ಗುಲು ಸಮವಾಗಿ ಅಗಲ ಮಾಡಿದರೆ ಮರಗಳ ಎರಡು ಸಾಲೂ ಹೋಗುತ್ತವೆ ಎಂಬುದೂ ಅಷ್ಟೇ ಸರಿ.

ಬೈಪಾಸ್ ಎಂದರೆ ಎಲ್ಲ ಸಮಸ್ಯೆಗೂ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಲಾರಿಗಳು ಊರೊಳಗೆ ಬರುವುದು ತಪ್ಪಿದರೆ ಹೊಗೆ, ಸದ್ದು, ಶಾಲೆಯ ಮುಂದಿನ ಅಪಾಯ ಮೂರೂ ಕಡಿಮೆಯಾಗುತ್ತವೆ, ನಿಜ. ಆದರೆ 60 ಮೀಟರ್ ಅಗಲದ ಹೆದ್ದಾರಿಗೆ ಕಿಲೋಮೀಟರಿಗೆ 15 ಎಕರೆಯಷ್ಟು ಜಮೀನು ಹೋಗುತ್ತದೆ, ಭತ್ತದ ನಾಡಿನಲ್ಲಿ ಅದು ನೀರಾವರಿ ಜಮೀನೇ ಆಗಿರುತ್ತದೆ. ಮೇಲಾಗಿ ಬೈಪಾಸಿಗೆ ಎಲ್ಲೆಂದರಲ್ಲಿ ಬಾಯಿ ಬಿಟ್ಟರೆ ಮೊದಲು ಡಾಬಾ, ಆಮೇಲೆ ಪೆಟ್ರೋಲ್ ಬಂಕು, ಆಮೇಲೆ ಲೇಔಟು ಬಂದು, ಹತ್ತು ಹದಿನೈದು ವರ್ಷದಲ್ಲಿ ಅದೂ ಊರೊಳಗಿನ ರಸ್ತೆಯೇ ಆಗುತ್ತದೆ. ವೇಗ ಮಾತ್ರ ಹೆದ್ದಾರಿಯದೇ ಉಳಿದಿರುತ್ತದೆ. ಅಷ್ಟರಲ್ಲಿ ಎರಡನೆಯ ಬೈಪಾಸಿನ ಮಾತು ಆರಂಭವಾಗಿರುತ್ತದೆ. ನಾಲ್ಕು ದಾರಿ ಕೂಡುವ ಒಂದು ಅಡ್ಡರಸ್ತೆಯಲ್ಲಿ ವಾಹನಗಳು ಒಂದಕ್ಕೊಂದು ಅಡ್ಡಬರುವ ಜಾಗಗಳು 32 ಎಂದು ಲೆಕ್ಕ ಹಾಕುತ್ತಾರೆ, ಮೂರು ದಾರಿಯ ಕೂಡಿನಲ್ಲಿ 9. ಬೈಪಾಸಿಗೆ ಎಷ್ಟು ಕೂಡುದಾರಿ ಬಿಡುತ್ತೇವೆ ಎಂಬುದರ ಮೇಲೆ ಅದು ಮದ್ದೋ ಹೊಸ ರೋಗವೋ ಎಂಬುದು ನಿಂತಿದೆ.

ಕೂಡುದಾರಿ ಮುಚ್ಚಿದರೆ ಜನ ಎಲ್ಲಿ ದಾಟಬೇಕು? ಕೆಳಸೇತುವೆಯಲ್ಲಿ. ಅದರ ಎತ್ತರ ಸಾಲದಿದ್ದರೆ ಭತ್ತದ ಹುಲ್ಲು ತುಂಬಿದ ಟ್ರ್ಯಾಕ್ಟರು, ಕಟಾವು ಯಂತ್ರ ಅದರೊಳಗೆ ಹೋಗುವುದಿಲ್ಲ. ಮಳೆಗಾಲದಲ್ಲಿ ಮೊಣಕಾಲುದ್ದ ನೀರು ನಿಂತರೆ ಯಾರೂ ಹೋಗುವುದಿಲ್ಲ. ಆಗ ರೈತ ಮುಂದಿನ ಯು-ಟರ್ನ್‌ವರೆಗೆ ಎರಡು ಮೂರು ಕಿಲೋಮೀಟರ್ ಹೋಗಿ ಸುತ್ತಿ ಬರುತ್ತಾನೆಂದು ವಿನ್ಯಾಸಕಾರ ನಂಬಿರುತ್ತಾನೆ. ರೈತ ಡೀಸೆಲ್ಲಿನ ಲೆಕ್ಕ ಹಾಕಿ ಎದುರುದಿಕ್ಕಿನಲ್ಲಿಯೇ ಹೊರಡುತ್ತಾನೆ. ಅವನನ್ನು ದೂರುವುದು ಸುಲಭ, ಅವನಿಗೊಂದು ಒಣಗಿದ, ಎತ್ತರದ ಕೆಳಸೇತುವೆ ಕೊಡುವುದು ಖರ್ಚಿನ ಮಾತು. ಮೊದಲು ಹೇಳಿದ ಭತ್ತಕ್ಕೂ ಇದೇ ನ್ಯಾಯ: ಊರಿಗೊಂದು ಒಣಗಿಸುವ ಕಟ್ಟೆ ಕಟ್ಟುವುದು ರಸ್ತೆ ಇಲಾಖೆಯ ಪಟ್ಟಿಯಲ್ಲಿಲ್ಲ, ಆದರೂ ಆ ರಸ್ತೆಯ ಮಟ್ಟಿಗೆ ಅದು ಎಷ್ಟೋ ಸೂಚನಾಫಲಕಗಳಿಗಿಂತ ಮೇಲಾದ ಸುರಕ್ಷತಾ ಕಾಮಗಾರಿ.

ರಸ್ತೆಯನ್ನೇ ದೊಡ್ಡದು ಮಾಡದೆ ಸಂಚಾರವನ್ನು ತಗ್ಗಿಸಬಹುದೇ ಎಂಬ ಪ್ರಶ್ನೆ ಎಲ್ಲಕ್ಕಿಂತ ಮೊದಲು ಬರಬೇಕು. ಬಳ್ಳಾರಿ ಜಿಲ್ಲೆ ಇದರ ಪಾಠವನ್ನು ದುಬಾರಿ ಬೆಲೆ ಕೊಟ್ಟು ಕಲಿತಿದೆ. ಗಣಿಗಾರಿಕೆಯ ಭರಾಟೆಯ ದಿನಗಳಲ್ಲಿ ಸಂಡೂರು–ಹೊಸಪೇಟೆಯ ರಸ್ತೆಗಳಲ್ಲಿ ಅದಿರಿನ ಲಾರಿಗಳ ಸಾಲು ಹಗಲು ರಾತ್ರಿ ಕಡಿಯುತ್ತಿರಲಿಲ್ಲ. ರಸ್ತೆಬದಿಯ ಬೇವು ಕೆಂಪಾಗಿತ್ತು, ಹೊಲದ ಬೆಳೆ ಕೆಂಪಾಗಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿದ ಮೇಲೆ, ಅದು ಮತ್ತೆ ಮಿತಿಯೊಳಗೆ ಆರಂಭವಾದಾಗ, ಅದಿರನ್ನು ಮುಚ್ಚಿದ ಕನ್ವೇಯರ್ ಬೆಲ್ಟಿನಲ್ಲಿ ಮತ್ತು ರೈಲಿನಲ್ಲಿ ಸಾಗಿಸುವ ಮಾತು ಗಟ್ಟಿಯಾಯಿತು. ಬೆಲ್ಟಿನ ಮೇಲೆ ಹೋದ ಪ್ರತಿ ಲಾರಿಯ ಅದಿರು ಒಂದು ಲಾರಿಯಷ್ಟು ದೂಳನ್ನೂ ಒಂದು ಲಾರಿಯಷ್ಟು ಅಪಾಯವನ್ನೂ ರಸ್ತೆಯಿಂದ ಇಳಿಸುತ್ತದೆ.

ಗೆರೆಯನ್ನು ಸರಿಸುವುದು ಸಾಧ್ಯ ಎಂಬುದಕ್ಕೆ ಆನೆಗೊಂದಿಯ ಸೇತುವೆ ಸಾಕ್ಷಿ. ಹಂಪಿಯ ಕಡೆಯ ತಳವಾರಘಟ್ಟದಿಂದ ಆನೆಗೊಂದಿಗೆ ತುಂಗಭದ್ರೆಯ ಮೇಲೆ ಸೇತುವೆ ಕಟ್ಟಲು ಹೊರಟಾಗ, 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದ್ದ ಹಂಪಿಯನ್ನು 1999ರಲ್ಲಿ ಯುನೆಸ್ಕೊ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ಅಲ್ಲಿಂದ ಹೊರಬರಲು 2006ರವರೆಗೆ ಕಾಯಬೇಕಾಯಿತು. ನಿಂತು ನಿಂತು ಸಾಗಿದ ಆ ಸೇತುವೆ 2009ರ ಜನವರಿಯಲ್ಲಿ ಕುಸಿದು ಕೆಲಸಗಾರರು ಪ್ರಾಣ ಕಳೆದುಕೊಂಡರು. ನದಿ ದಾಟುವ ಜನರ ಅಗತ್ಯ ಮಾತ್ರ ನಿಜವಾದದ್ದಾಗಿತ್ತು, ತೆಪ್ಪದಲ್ಲಿ ದಾಟುವುದೇನೂ ಸುರಕ್ಷಿತವಲ್ಲ. ಕೊನೆಗೆ ಸ್ಮಾರಕಗಳ ನಡುಭಾಗದಿಂದ ದೂರ, ಬುಕ್ಕಸಾಗರ ಮತ್ತು ಕಡೇಬಾಗಿಲಿನ ನಡುವೆ ಸೇತುವೆ ಬಂದಿತು. ಆ ಜಾಗ ಮೊದಲ ದಿನವೂ ಅಲ್ಲಿಯೇ ಇತ್ತು.

ಕಾನೂನು ಈ ಮೊದಲ ಹಂತವನ್ನು ಎಷ್ಟು ಮುಟ್ಟುತ್ತದೆ? 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ ಹೊಸ ರಾಷ್ಟ್ರೀಯ ಹೆದ್ದಾರಿಗೆ ಪರಿಸರ ಅನುಮತಿ ಬೇಕು. ಆದರೆ ಇರುವ ಹೆದ್ದಾರಿಯನ್ನು ಅಗಲ ಮಾಡುವುದಾದರೆ, 2013ರ ತಿದ್ದುಪಡಿಯ ನಂತರ, ಉದ್ದ 100 ಕಿ.ಮೀ. ಮೀರಿ, ಹೆಚ್ಚುವರಿ ಜಾಗ ಹಳೆಯ ಜಾಡಿನಲ್ಲಿ 40 ಮೀಟರ್, ಬೈಪಾಸಿನಲ್ಲಿ 60 ಮೀಟರ್ ಮೀರಿದಾಗ ಮಾತ್ರ ಅದು ಬೇಕು. 98 ಕಿಲೋಮೀಟರಿನ ಕಾಮಗಾರಿಗೆ ಆ ಬಾಗಿಲೇ ಇಲ್ಲ. ಇನ್ನೊಂದು ಕಡೆ, ವಿನ್ಯಾಸವನ್ನು ಕಟ್ಟುವವರಲ್ಲದ ಬೇರೆಯವರು ಪರಿಶೀಲಿಸುವ ‘ರಸ್ತೆ ಸುರಕ್ಷತಾ ಆಡಿಟ್’ ಇದೆ. ಅದು ಯೋಜನೆ, ವಿನ್ಯಾಸ, ಕಾಮಗಾರಿ, ಉದ್ಘಾಟನೆಗೆ ಮುಂಚೆ ಹೀಗೆ ಹಂತಹಂತವಾಗಿ ಆಗಬೇಕು. ವಿನ್ಯಾಸದ ತಪ್ಪಿನಿಂದ ಸಾವಾದರೆ ಗುತ್ತಿಗೆದಾರ, ಸಲಹೆಗಾರ, ಪ್ರಾಧಿಕಾರ ಹೊಣೆಯಾಗಬೇಕೆಂದು 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಹೇಳುತ್ತದೆ, ದಂಡ ಮಾತ್ರ ಒಂದು ಲಕ್ಷ ರೂಪಾಯಿಯವರೆಗೆ. ಪರಿಸರದ ವರದಿ ಮತ್ತು ಸುರಕ್ಷತಾ ಆಡಿಟ್ ವರದಿ ಈ ಎರಡನ್ನೂ ಬೇರೆ ಬೇರೆಯವರು ಬೇರೆ ಬೇರೆ ಕಾಲದಲ್ಲಿ ಬರೆಯುತ್ತಾರೆ, ಒಬ್ಬರದು ಇನ್ನೊಬ್ಬರ ಮೇಜಿಗೆ ಬರುವುದಿಲ್ಲ ಎಂಬುದೇ ನನಗೆ ಕಾಣುವ ದೊಡ್ಡ ಕೊರತೆ. ಇಳಿಜಾರು, ಮೋರಿ, ಕೆಳಸೇತುವೆ ಇವು ಎರಡೂ ವರದಿಗಳಲ್ಲಿ ಬರುವ ಒಂದೇ ವಸ್ತುಗಳು.

ಊರಿನವರಿಗೆ ಬಾಯಿ ಇರುವುದು ಎರಡು ಮೂರು ಕಡೆ. ಪರಿಸರ ಅನುಮತಿ ಬೇಕಾದ ಯೋಜನೆಗೆ ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು, ಅದಕ್ಕೆ ಕನಿಷ್ಠ 30 ದಿನ ಮೊದಲು ಪ್ರಕಟಣೆ ಬರಬೇಕು. ಹೆದ್ದಾರಿ ಕಾಯ್ದೆಯಡಿ ಜಮೀನಿನ ಅಧಿಸೂಚನೆ ಬಂದ 21 ದಿನದೊಳಗೆ ಆಕ್ಷೇಪ ಸಲ್ಲಿಸಬಹುದು. ಸಾರ್ವಜನಿಕ ಕಾಮಗಾರಿಗೆ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಕರ್ನಾಟಕ ಮರ ಸಂರಕ್ಷಣಾ ಕಾಯ್ದೆಯಂತೆ ಜನರ ಆಕ್ಷೇಪಗಳನ್ನು ಕೇಳಬೇಕು. ಈ ಅವಕಾಶಗಳಲ್ಲಿ ನಾವು ಸಾಮಾನ್ಯವಾಗಿ ಪರಿಹಾರದ ಮೊತ್ತವನ್ನಷ್ಟೇ ಕೇಳಿ ಎದ್ದು ಬರುತ್ತೇವೆ. ಅದರ ಜೊತೆಗೆ ಕೇಳಬೇಕಾದದ್ದು ಊರಿನ ಮುಂದೆ ಹಾಯುವ ಭಾಗದ ನಕ್ಷೆಯ ಹಾಳೆ. ಅದರಲ್ಲಿ ಪ್ರತಿ ನೂರು ಮೀಟರಿಗೊಂದು ಗುರುತು ಇರುತ್ತದೆ. ಹಳ್ಳ ಯಾವ ಗುರುತಿನಿಂದ ಯಾವ ಗುರುತಿನವರೆಗೆ ತುಂಬಿ ಹರಿಯುತ್ತದೆ, ಕುರಿ ಹಟ್ಟಿಯವರು ದೀಪಾವಳಿಯ ನಂತರ ಎಲ್ಲಿ ದಾಟುತ್ತಾರೆ, ಶಾಲೆ ಬಿಟ್ಟ ಮಕ್ಕಳು ಎಲ್ಲಿ ದಾಟುತ್ತಾರೆ, ಕಟಾವು ಯಂತ್ರದ ಎತ್ತರ ಎಷ್ಟು, ಭತ್ತ ಎಲ್ಲಿ ಒಣಗುತ್ತದೆ ಎಂಬುದನ್ನು ಆ ಹಾಳೆಯ ಮೇಲೆಯೇ ಪೆನ್ಸಿಲಿನಲ್ಲಿ ಗುರುತು ಮಾಡಿ, ಒಂದು ಪ್ರತಿಯನ್ನು ಇಟ್ಟುಕೊಂಡು, ಇನ್ನೊಂದಕ್ಕೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಬೇಕು.